ಹಬೆಯ ತುದಿಗೆ ಎಷ್ಟು ತೂತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಗುಟ್ಟು ಹೊಟ್ಟೆಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಈ ಎರಡು ಗುಣಗಳನ್ನು ಕಟ್ಟಿಕೊಂಡು ನಾನು ಸೊಸೆಯಾಗಲು ಹೊರಟಿದ್ದು ಎಂಥವರ ಮನೆಗೆ ಗೊತ್ತೇ? ಮಗ ಬಂದು "ಅಪ್ಪಾ, ಈ ಹುಡುಗೀನ್ನ ಮದುವಿ ಆಗ್ತೀನಿ" ಅಂದರೆ "ನೋಡೂಣು" ಎಂದು ಒಂದೇ ಮಾತು ಹೇಳಿ, ನಾಲ್ಕು ತಿಂಗಳು ಆ ಮಾತಿನ ಮೇಲೆಯೇ ಕೂತಿದ್ದವರ ಮನೆಗೆ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ನೋಡೂಣು ಅಂದವರ ಜೊತೆ ಜಗಳ ಆಡುವುದಾದರೂ ಹೇಗೆ?

ನನ್ನದು ಮೈಸೂರು. ಕೆಲಸಕ್ಕೆಂದು ಪುಣೆಗೆ ಬಂದು, ವಾಕಡದಲ್ಲಿ ಎಂಟನೇ ಮಹಡಿಯ ಪುಟ್ಟ ಫ್ಲ್ಯಾಟ್ ಹಿಡಿದು ಆರು ವರ್ಷವಾಗಿತ್ತು. ಆ ಮಗ, ಅಂದರೆ ನನ್ನ ಹುಡುಗ, ನನ್ನದೇ ಆಫೀಸು. ಹುಟ್ಟಿ ಬೆಳೆದದ್ದು ಪುಣೆಯ ಪಕ್ಕದ ದೇಹೂ ರೋಡ್ ಎಂಬ ಊರಿನಲ್ಲಿ. ಅವನ ಅಪ್ಪ ವಿಜಯಪುರದ ಕಡೆಯಿಂದ ಹರೆಯದಲ್ಲೇ ಅಲ್ಲಿಗೆ ಬಂದು, ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿ, ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೇ ನಿವೃತ್ತರಾದವರು. ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಮಾತ್ರ ಅಚ್ಚ ವಿಜಯಪುರದ ಕನ್ನಡ. ಮೊದಲ ಸಲ ಕ್ಯಾಂಟೀನಿನಲ್ಲಿ ಅವನು "ಚಹಾ ಕುಡೀತೀರೇನ್ರಿ?" ಎಂದ. ಚಹಾ ಕುಡಿಯಲ್ಲ ಎಂದೆ. "ಹಂಗಾದ್ರ ಇಷ್ಟ ದಿವಸ ಬದುಕಿದ್ದು ಹೆಂಗ್ರಿ?" ಎಂದು ನಿಜಕ್ಕೂ ಗಾಬರಿಯಾಗಿ ಕೇಳಿದ ನೋಡಿ, ನಾನು ಅಲ್ಲೇ ಬಿದ್ದೆ. ಬಿದ್ದೆ ಅಂದರೆ ಬಿದ್ದೆ, ಮತ್ತೆ ಏಳಲಿಲ್ಲ.

ಕಾಫಿಗೂ ನನಗೂ ಹಳೆಯ ಜಗಳವಿದೆ. ಮೈಸೂರಿನಲ್ಲಿ ಏಳು ಸಲ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಏಳು ಸಲವೂ ಸೀರೆ ಉಟ್ಟು, ತಟ್ಟೆಯಲ್ಲಿ ಕಾಫಿ ಲೋಟ ಜೋಡಿಸಿಕೊಂಡು ಹೋಗಿ, ಬಗ್ಗಿ ಕೊಟ್ಟೆ. ಏಳನೆಯವನು ಒಂದು ಗುಟುಕು ಕುಡಿದು "ಸಕ್ಕರೆ ಒಂಚೂರು ಮುಂದಿದೆ" ಎಂದ. ಅಷ್ಟು ಹೊತ್ತಿಗೆ ಎರಡು ತಟ್ಟೆ ಕೇಸರಿಬಾತು ಸದ್ದಿಲ್ಲದೆ ಮುಗಿಸಿದ್ದ ಮಹಾನುಭಾವ! "ಹಾಗಾದ್ರೆ ಬಿಡಿ" ಎಂದು ಅವನ ಕೈಯಿಂದ ಲೋಟ ಕಿತ್ತುಕೊಂಡು ಒಳಗೆ ಹೋದೆ. ಇನ್ನು ಈ ಜನ್ಮದಲ್ಲಿ ಯಾರ ಮುಂದೆಯೂ ಕಾಫಿ ತಟ್ಟೆ ಹಿಡಿಯುವುದಿಲ್ಲ ಎಂದು ಅಮ್ಮನ ಎದುರು ಆಣೆ ಮಾಡಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಅದಕ್ಕೇ ಬೋನಸ್ ಬಂದ ವರ್ಷ ನನಗೆ ನಾನೇ ಒಂದು ಎಸ್ಪ್ರೆಸೊ ಯಂತ್ರ ತರಿಸಿಕೊಂಡೆ. ನನ್ನ ಕಾಫಿ, ನನ್ನ ಕಪ್ಪು, ಯಾರಿಗೂ ಬಗ್ಗಬೇಕಾಗಿಲ್ಲ. ಡಿಕಾಕ್ಷನ್ನನ್ನೇನೋ ಅದು ಚೆನ್ನಾಗಿಯೇ ಇಳಿಸಿತು. ಹಠ ಹಿಡಿದದ್ದು ಹಾಲು. ಯಂತ್ರದ ಪಕ್ಕದಲ್ಲಿ ಹಬೆ ಊದುವ ಸಣ್ಣ ಉಕ್ಕಿನ ನಳಿಗೆಯೊಂದು ಇಳಿಬಿದ್ದಿರುತ್ತದೆ. ಅದರ ಕೊನೆಯಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ಒಂದು ತುದಿ, ತಿರುಗಿಸಿ ಬಿಚ್ಚಬಹುದು. ತುದಿಯಲ್ಲಿ ನಾಲ್ಕು ತೂತು. ಅದನ್ನು ಹಾಲಿಗೆ ಅದ್ದಿ ಹಬೆ ಬಿಟ್ಟರೆ ಹಾಲು ಸುಳಿ ಸುತ್ತಿ, ಬೆಣ್ಣೆಯಂಥ ನುಣುಪಾದ ನೊರೆ ಏಳಬೇಕು. ನನಗೆ ಎದ್ದದ್ದು ಬಟ್ಟೆ ಒಗೆದ ಬಕೆಟ್ಟಿನ ಗುಳ್ಳೆ. ಮೇಲೆ ಗುಳ್ಳೆ, ಕೆಳಗೆ ಬರೀ ಸುಡುವ ಹಾಲು. ಜೊತೆಗೆ ನಳಿಗೆ ಎಂಥಾ ಕಿರುಚಾಟ ಹಾಕುತ್ತಿತ್ತು ಅಂದರೆ, ಪಕ್ಕದ ಮನೆಯ ಅಜ್ಜಿ ಒಂದು ದಿನ ಕುಕ್ಕರ್ ಸಿಡಿಯಿತೆಂದುಕೊಂಡು "ಕಾಯ್ ಝಾಲಂ ಗಂ?" ಏನಾಯ್ತೇ ಎಂದು ಮರಾಠಿಯಲ್ಲಿ ಕೂಗುತ್ತಾ ಓಡಿಬಂದರು.

ನನ್ನ ಶ್ರದ್ಧೆಯಲ್ಲಿ ಏನೂ ಕೊರತೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ ಬಿದ್ದ ಕೂಡಲೇ ಎದ್ದು, ಅಮ್ಮ ಕಲಿಸಿದಂತೆ ಕಾಯಿಸಿ, ಒಂದು ಉಕ್ಕು ಬಂದ ಮೇಲೆ ಉರಿ ತಗ್ಗಿಸಿ ಇನ್ನೆರಡು ಉಕ್ಕು ಬರಿಸಿ, ಆರಲು ಇಟ್ಟು, ಕಟ್ಟಿದ ಕೆನೆಯನ್ನು ತುಪ್ಪದ ಡಬ್ಬಿಗೆ ತೆಗೆದು, ಆಮೇಲೆಯೇ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ನೊರೆ ಬರದಿದ್ದರೆ ತಪ್ಪು ಯಾರದು? ತುದಿಯದು! ಇಂಟರ್‌ನೆಟ್ಟಿನ ಪಂಡಿತರೂ ಹಾಗೆಯೇ ಹೇಳಿದರು. ಮನೆಯ ಯಂತ್ರದ ಪುಟ್ಟ ಬಾಯ್ಲರಿಗೆ ನಾಲ್ಕು ತೂತು ಹೆಚ್ಚಾಯಿತು, ಹಬೆಯ ಜೋರು ಹಂಚಿಹೋಗುತ್ತದೆ, ಎರಡು ಸಾಕು ಎಂದ ಒಬ್ಬ. ಒಂದೇ ಸಾಕು ಎಂದ ಇನ್ನೊಬ್ಬ. ಎರಡು ತೂತಿಗೆ ಟೂತ್‌ಪಿಕ್ ಮುರಿದು ತುರುಕು ಎಂದ ಮತ್ತೊಬ್ಬ. ತುರುಕಿದೆ. ಹಬೆ ಬಿಟ್ಟ ಕೂಡಲೇ ಕಡ್ಡಿ ಹಾರಿ ಹಾಲಿಗೆ ಬಿತ್ತು. ಮೂರು ತೂತಿನದು, ಎರಡು ತೂತಿನದು, ಒಂದು ತೂತಿನದು ಎಂದು ಮೂರು ತುದಿ ತರಿಸಿದೆ. ಮೂರರಲ್ಲೂ ಅದೇ ಬಕೆಟ್ಟಿನ ಗುಳ್ಳೆ.

ಅವನು ಮನೆಯಲ್ಲಿ ಮದುವೆಯ ಮಾತೆತ್ತಿ ಮೂರು ತಿಂಗಳಾದ ಮೇಲೆ, ಒಂದು ಭಾನುವಾರ ನನ್ನನ್ನು ಮೊದಲ ಸಲ ದೇಹೂ ರೋಡಿನ ಮನೆಗೆ ಕರೆದುಕೊಂಡು ಹೋದಾಗ ಯಾರಿಗಾದರೂ ತೋರಿಸೋಣವೆಂದು ಹಾಕಿಕೊಂಡಿದ್ದ ನಾಲ್ಕೂ ತುದಿ ನನ್ನ ಚೀಲದಲ್ಲೇ ಇದ್ದವು. ಅವನ ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ತೆಳ್ಳಗಿನ ಮೈ, ದಾರ ಕಟ್ಟಿದ ಕನ್ನಡಕ. ನಾನು ಚೀಲ ಕೆಳಗಿಟ್ಟ ಕೂಡಲೇ ಕಿವಿ ನಿಮಿರಿತು.

"ಏನ್ರಿ ಅದು, ಕಿಣಿಕಿಣಿ ಸಪ್ಪಳ?"

"ನಾಜಲ್ ಅಪ್ಪಾ, ಅಕೀ ಕಾಫಿ ಮಷೀನಿಂದು" ಎಂದ ಅವನು.

ಕೊಡ್ರಿ ಎಂದು ಕೈ ಚಾಚಿದರು. ನಾಲ್ಕನ್ನೂ ಪೇಪರಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಎತ್ತಿ, ಒಂದು ಕಣ್ಣು ಮುಚ್ಚಿ, ತೂತಿನ ಮೂಲಕ ಕಿಟಕಿಯ ಬೆಳಕು ನೋಡಿದರು. "ತೂತು ಸ್ವಚ್ಛ ಅವ. ಥ್ರೆಡ್ ಸರಿ ಅದ. ಇದರಾಗ ತಪ್ಪೇನದ, ಹೇಳ್ರಿ."

"ನೊರೆನೇ ಬರಲ್ಲ ಅಂಕಲ್. ಒಂದು ಮಷೀನ್ ಜೊತೆ ಬಂದಿದ್ದು, ಮೂರು ನಾನು ತರಿಸಿದ್ದು. ಎಲ್ಲಾ ವೇಸ್ಟ್."

"ಮೂರು ತರಿಸೀರಿ?"

"ಹೂಂ, ಇನ್ನೊಂದು ಆರ್ಡರ್ ಮಾಡಿದೀನಿ."

"ನೋಡೂಣು" ಎಂದು ನಾಲ್ಕನ್ನೂ ವಾಪಸ್ ಕೊಟ್ಟರು. ನಾನು ಹೊರಟು ಬಂದ ಮೇಲೆ ಮಗನಿಗೆ ಅವರು ಹೇಳಿದ್ದು ಮರುದಿನ ಆಫೀಸಿನಲ್ಲಿ ನನ್ನ ಕಿವಿಗೆ ಬಿತ್ತು: "ಹುಡುಗಿ ಮಾತು ಚಂದ ಆಡ್ತಾಳ, ಖರೆ. ಆದ್ರ ಸರಿ ಇಲ್ಲಾಂದ್ರ ಬದಲಿ ತರಿಸೋ ಮಂದಿ ಅವರು. ಇವತ್ತ ನಾಜಲ್, ನಾಳಿ ನೀ."

ಉರಿದುಹೋಯಿತು ನನಗೆ. ಆಮೇಲೆ ನಗು ಬಂತು. ಅದರ ಹಿಂದೆಯೇ ಭಯವೂ ಬಂತು. ಅವರು ಹೂಂ ಅನ್ನದೆ ಮಗ ಮದುವೆಯಾಗುವವನಲ್ಲ. ಅವರಿಂದ ಹೂಂ ಅನ್ನಿಸದೆ ಆ ಮನೆಗೆ ಹೋಗುವುದು ನನಗೂ ಬೇಕಿರಲಿಲ್ಲ. ನನಗೆ ಆ ಮುದುಕರ ಒಂದು ಹೂಂ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಹೊಸ ಆರ್ಡರನ್ನು ರದ್ದು ಮಾಡಿದೆ. ಮುಂದಿನ ಭಾನುವಾರ ನಾನೇ ಹೋಗಿ ಎದುರು ನಿಂತೆ.

"ಅಂಕಲ್, ತರಿಸಲ್ಲ. ನೀವೇ ಒಂದು ಮಾಡಿಕೊಡ್ತೀರಾ?"

ಕನ್ನಡಕದ ಮೇಲಿಂದ ನೋಡಿದರು. "ಮೊದಲ ಆ ಅಂಕಲ್ ಬಿಡ್ರಿ. ನಾ ಯಾವ ಸೀಮಿ ಅಂಕಲ್? ಕಾಕಾ ಅನ್ರಿ. ಮತ್ತ, ಒಂದು ಮಿಲಿಮೀಟರ್ ಡ್ರಿಲ್ ಬೇಕಾಗ್ತದ. ಚಲೋದು ಬಿಬವೇವಾಡಿಯೊಳಗ ಒಂದ ಅಂಗಡ್ಯಾಗ ಸಿಗತದ. ತರ್ತೀರಿ?"

ತರದೆ ಇರುತ್ತೇನೆಯೇ! ವಾಕಡದಿಂದ ಬಿಬವೇವಾಡಿ ಅಂದರೆ ಊರಿನ ಈ ಮೂಲೆಯಿಂದ ಆ ಮೂಲೆ. ಅವನ ಸ್ಕೂಟರಿನ ಹಿಂದೆ ಕೂತು, ಸಿಗ್ನಲ್ಲಿಗೊಂದು ಜಗಳ, ಸೇತುವೆಗೊಂದು ಹಾಡು ಎಂದು ಹೋದೆವು. ಹೆಲ್ಮೆಟ್ಟಿನೊಳಗೆ ನಾನು ಹಾಡಿದ್ದು ಅವನಿಗೆ ಕೇಳುತ್ತಿರಲಿಲ್ಲ, ಅವನು ಬೈದದ್ದು ನನಗೆ ಕೇಳುತ್ತಿರಲಿಲ್ಲ, ಆದರೂ ಇಬ್ಬರೂ ನಗುತ್ತಿದ್ದೆವು. ಅಂಗಡಿಯವರು ಕೂದಲೆಳೆಯಂಥ ಡ್ರಿಲ್ಲುಗಳನ್ನು ಕಾಗದದಲ್ಲಿ ಸುತ್ತುತ್ತಾ "ತಾಈ, ತುಮ್ಹೀ ಸೋನಾರ್ ಆಹಾತ್ ಕಾ?" ಎಂದರು. ಅಕ್ಕಸಾಲಿಗಳು ಅಂದುಕೊಂಡರಲ್ಲ ನನ್ನನ್ನು! "ನಾಹೀ ದಾದಾ, ಕಾಫೀವಾಲೀ" ಎಂದು ಎದೆಯುಬ್ಬಿಸಿ ಹೇಳಿದೆ.

ಕಾಕಾ ಆ ತುದಿ ಮಾಡಿದ್ದು ಗೆಳೆಯರೊಬ್ಬರ ಲೇತ್ ಶೆಡ್ಡಿನಲ್ಲಿ. ಹಿತ್ತಾಳೆ ಕೊರೆಯುವುದು ಸುಲಭವಂತೆ, ಆದರೆ ಬಾಯಿಗೆ ಹೋಗುವ ಪದಾರ್ಥಕ್ಕೆ ಸ್ಟೀಲೇ ಬೇಕು ಎಂದು ಹಠ ಹಿಡಿದರು. ಮೊದಲ ಡ್ರಿಲ್ಲು ಟಕ್ಕೆಂದು ಮುರಿಯಿತು. ನಾನಾಗಿದ್ದರೆ ಅಂಗಡಿಯವರಿಗೆ ಫೋನ್ ಮಾಡಿ ಅವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಕಾಕಾ ತುಂಡನ್ನು ಅಂಗೈಯಲ್ಲಿಟ್ಟು ನೋಡಿ, "ನಾ ಗಡಿಬಿಡಿ ಮಾಡಿದೆ" ಎಂದು ಇನ್ನೊಂದನ್ನು ಹಾಕಿದರು. ಎರಡನೆಯದೂ ಮುರಿಯಿತು. "ಮತ್ತ ಗಡಿಬಿಡಿ ಮಾಡಿದೆ" ಎಂದರು. ಮೂರನೆಯದು ದಾಟಿತು. ಎರಡು ತೂತು, ಅಕ್ಕಪಕ್ಕ, ಒಳ್ಳೆ ಹಾವಿನ ಕಣ್ಣಿನ ಹಾಗೆ. ನಾನು ಅಲ್ಲೇ ಚಪ್ಪಾಳೆ ತಟ್ಟಿದೆ.

ಮನೆಗೆ ತಂದು ಹಾಕಿದೆ. ಅದೇ ಗುಳ್ಳೆ!

ಸುಳ್ಳು ಹೇಳಲು ಬಾರದ ಬಾಯಿ ನನ್ನದು. ಬರಲಿಲ್ಲ ಕಾಕಾ ಎಂದೆ. ತೂತು ಒಂದು ಕೂದಲಿನಷ್ಟು ಸಣ್ಣದು ಮಾಡಿ ಎರಡನೆಯದನ್ನು ಕೊಟ್ಟರು. ಅದೂ ಬರಲಿಲ್ಲ. ಮೂರನೆಯದಕ್ಕೆ ಶುರು ಹಚ್ಚಿಕೊಂಡರು, ಈ ಸಲ ತೂತನ್ನು ಓರೆಯಾಗಿ ಕೊರೆಯುತ್ತಾರಂತೆ. ನಾಲ್ಕನೆಯ ವಾರ ಅವನ ಅಮ್ಮ, ಅಂದರೆ ನನ್ನ ಕಾಕು, ಫೋನ್ ಮಾಡಿದರು: "ಏನ್ ಹಚ್ಚಿಟ್ಟಿ ಯವ್ವಾ ನಮ್ಮ ಮನ್ಯಾಗ? ಊಟಕ್ಕ ಕೂತ್ರೂ ಹಿಟ್ಟಿನ ಸಾಣಿಗಿ ಎತ್ತಿ ಹಿಡದು ತೂತು ನೋಡ್ತಾರ. ನಿನ್ನಿ ಇಡ್ಲಿ ತಟ್ಟಿ ತೊಗೊಂಡು ಹೊರಗ ಹ್ವಾದ್ರು, ಇನ್ನೂ ಕೊಟ್ಟಿಲ್ಲ." ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವಮಾನವಿಡೀ ಅಳತೆ ತಪ್ಪದ ಕೈ ಅದು, ನನ್ನ ಒಂದು ಲೋಟ ಹಾಲಿನ ಮುಂದೆ ಸೋತು ಕೂತಿತ್ತು. ಕೊನೆಗೆ ಕಾಕಾ ಹೇಳಿ ಕಳಿಸಿದರು: ಭಾನುವಾರ ಮೂರನೆಯ ನಾಜಲ್ ತೊಗೊಂಡು ನಾವಿಬ್ಬರೂ ವಾಕಡಕ್ಕ ಬರ್ತೀವಿ, ಮಷೀನ್ ಮುಂದ ನಿಂತ ನೋಡ್ತೀನಿ. "ಅವತ್ತ ನಮ್ಮ ಮಾತೂ ಮುಗಿಸ್ತಾರ, ಹೌದಂದ್ರ ಹೌದು, ಇಲ್ಲಂದ್ರ ಇಲ್ಲ" ಎಂದು ಅವನು ಸಣ್ಣ ದನಿಯಲ್ಲಿ ಸೇರಿಸಿದ.

ಶನಿವಾರ ಬೆಳಿಗ್ಗೆ ಹಾಲಿನ ಪಾತ್ರೆ ಒಲೆಗಿಟ್ಟು ಗುಂಡಿ ತಿರುಗಿಸಿದೆ. ಗ್ಯಾಸ್ ಖಾಲಿ! ಸಿಲಿಂಡರ್ ಅಲ್ಲಾಡಿಸಿದೆ, ಬೈದೆ, ಒದ್ದೆ, ಕಾಲು ನೋವಾಯಿತು. ಕಾಫಿ ಇಲ್ಲದೆ ನಾನು ಮನುಷ್ಯಳೇ ಅಲ್ಲ. ಪ್ಯಾಕೆಟ್ ಹಾಲು ಇನ್ನೂ ಕೈ ಕೊರೆಯುವಷ್ಟು ತಣ್ಣಗಿತ್ತು. ಹಸಿ ಹಾಲಿನಲ್ಲಿ ಕಾಫಿ ಮಾಡಿದ್ದು ಗೊತ್ತಾದರೆ ಅಮ್ಮ ಮೈಸೂರಿನಿಂದ ನಡೆದುಕೊಂಡು ಬಂದು ಹೊಡೆಯುತ್ತಾಳೆ. ಆದರೂ ಕಳ್ಳಿಯ ಹಾಗೆ ಆಚೀಚೆ ನೋಡಿ, ಕಾಯಿಸದ ಹಾಲನ್ನೇ ಜಗ್ಗಿಗೆ ಸುರಿದು, ನಳಿಗೆ ಅದ್ದಿದೆ. ಯಂತ್ರಕ್ಕೆ ಅವತ್ತು ಹಾಕಿದ್ದು ಅದರ ಜೊತೆಯಲ್ಲೇ ಬಂದಿದ್ದ ನಾಲ್ಕು ತೂತಿನ ಹಳೇ ತುದಿ.

ಕಿರುಚಾಟ ಇಲ್ಲ. ಸುಂಯ್ ಎಂಬ ಸಣ್ಣ ದನಿ ಅಷ್ಟೇ. ಹಾಲು ಸುಳಿ ಸುತ್ತಿತು, ಉಬ್ಬಿತು, ಮಿನುಗಿತು. ಕಪ್ಪಿಗೆ ಸುರಿದರೆ ರೇಷ್ಮೆ ಜಾರಿದ ಹಾಗೆ ಜಾರಿತು. ಅಯ್ಯೋ ನನ್ನ ಕರ್ಮವೇ! ತಪ್ಪು ತುದಿಯದಲ್ಲ, ಬಾಯ್ಲರಿನದಲ್ಲ, ಕಾಕಾನ ಕೈಯದಂತೂ ಮೊದಲೇ ಅಲ್ಲ. ಮೂರು ಉಕ್ಕು ಬರಿಸಿ, ಕೆನೆ ತೆಗೆದು, ಉಗುರುಬೆಚ್ಚಗಿನ ಹಾಲಿಗೆ ಹಬೆ ಕೊಡುತ್ತಿದ್ದೆನಲ್ಲ, ಆ ಹಾಲು ನೊರೆ ಏಳುವ ಮೊದಲೇ ಕುದಿಯುತ್ತಿತ್ತು, ಉಳಿದ ಕೆನೆಯ ಚೂರು ನಾನು ತೊಳೆಯುವವರೆಗೂ ತೂತಿಗೆ ಕಟ್ಟಿಕೊಂಡಿರುತ್ತಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಮೂರು ಸುತ್ತು ಕುಣಿದ ಮೇಲೆ ಕಾಕಾ ನೆನಪಾದರು. ನಾಲ್ಕು ವಾರ ಆ ಮನುಷ್ಯ ನಿದ್ದೆಗೆಟ್ಟದ್ದು ಯಾವುದಕ್ಕೆ?

ಅವನಿಗೆ ಫೋನ್ ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, ತಟ್ಟನೆ ಗಂಭೀರನಾದ. "ಹೇಳಬ್ಯಾಡ. ನಾಳಿ ಅಪ್ಪನ ನಾಜಲ್ ಹಚ್ಚು, ಹಸಿ ಹಾಲು ಹಾಕು. ನೊರಿ ಬರ್ತದ, ಅಪ್ಪ ಖುಷ್ ಆಗ್ತಾರ, ಹೂಂ ಅಂತಾರ. ಮುಗೀತು. ನನ್ನ ಮ್ಯಾಲ ಆಣಿ ಅದ, ಬಾಯಿ ಮುಚ್ಚಕೊಂಡಿರು." ಸರಿ ಎಂದೆ. ಒಂದೇ ಒಂದು ದಿನ ತಾನೇ!

ಭಾನುವಾರ ಹತ್ತು ಗಂಟೆಗೆ ಬಂದರು. ಕಾಕಾ ಇಸ್ತ್ರಿ ಅಂಗಿ ಹಾಕಿದ್ದರು. ಕನ್ನಡಕದ ಡಬ್ಬಿಯಿಂದ ಬಟ್ಟೆಯಲ್ಲಿ ಸುತ್ತಿದ ತುದಿ ತೆಗೆದು, ತಾವೇ ತಿರುಗಿಸಿ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. ಫ್ರಿಜ್ಜಿನಿಂದ ತಣ್ಣಗಿನ ಹಸಿ ಹಾಲು ತೆಗೆದು ಜಗ್ಗಿಗೆ ಹಾಕಿ ಹಬೆ ಬಿಟ್ಟೆ. ಸುಂಯ್! ಎಂಥಾ ನೊರೆ ಬಂತು ಅಂದರೆ, ಕಾಕು "ಅಯ್ಯ ಶಿವನ, ಮಸರಾತಲ್ಲ ಇದು!" ಎಂದು ಗಲ್ಲಕ್ಕೆ ಕೈ ಹಚ್ಚಿದರು. ಕಾಕಾನ ಮುಖ ನೋಡಬೇಕಿತ್ತು. ಹಲ್ಲು ಕಾಣಿಸಬಾರದೆಂದು ತುಟಿ ಒತ್ತಿ ಹಿಡಿದಿದ್ದರು, ಆದರೆ ಕಿವಿಯವರೆಗೂ ನಗು ಹರಿದಿತ್ತು. ಅವನು ಹಿಂದಿನಿಂದ ನನಗೆ ಕಣ್ಣು ಹೊಡೆದ.

ಕಾಕಾ ಗಂಟಲು ಸರಿಮಾಡಿಕೊಂಡರು. "ಆತು. ಇನ್ನ ನಾ ಒಂದು ಮಾತು ಹೇಳಬೇಕಂತ ಬಂದೀನಿ. ನಾಲ್ಕ ತಿಂಗಳಾತು, ನೀವೂ ಕಾಯಲಿಕ್ಕ ಹತ್ತೀರಿ..."

ನಾಲ್ಕು ತಿಂಗಳು ಕಾದ ಹೂಂ, ಅವರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು ನಾನು.

"ಕಾಕಾ, ಒಂದ್ನಿಮಿಷ!"

ಅವನು ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ತಪ್ಪು ನಾಜಲ್‌ದಲ್ಲ ಕಾಕಾ. ನೀವು ಮಾಡಿದ್ದು ಮೂರೂ ಸರಿ ಇತ್ತು. ಮೊದಲನೇದು, ಮಷೀನ್ ಜೊತೆ ಬಂದಿತ್ತಲ್ಲ, ಅದೂ ಸರಿ ಇತ್ತು. ನಾನು ಹಾಲು ಕಾಯಿಸ್ತಿದ್ದೆ. ದಿನಾ ಕಾಯಿಸಿ, ಕೆನೆ ತೆಗೆದು, ಆ ಹಾಲು ಹಾಕ್ತಿದ್ದೆ. ಹಸಿದು ತಣ್ಣಗೆ ಹಾಕ್ಬೇಕಿತ್ತು. ನಿನ್ನೆ ಗ್ಯಾಸ್ ಮುಗ್ದೋಯ್ತು, ಆಗ ಗೊತ್ತಾಯ್ತು. ಹೇಳ್ಬೇಡ ಅಂದ ಇವನು. ನಂಗೆ ಆಗಲ್ಲ. ನಿಮ್ಮ ಕೈದೇನೂ ತಪ್ಪಿಲ್ಲ, ತಪ್ಪೆಲ್ಲ ನಂದು."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ಹಳೇ ನಾಜಲ್ ಎಲ್ಲಿ ಎಂದು ಕಾಕಾ ಕೈ ಸನ್ನೆ ಮಾಡಿದರು. ಕೊಟ್ಟೆ. ತಾವು ಕೂರಿಸಿದ್ದನ್ನು ಬಿಚ್ಚಿ ಅದನ್ನು ಹಾಕಿದರು. ಇನ್ನೊಂದು ಜಗ್ಗಿಗೆ ಹಸಿ ಹಾಲು ಹಾಕಿ ಹಬೆ ಬಿಟ್ಟೆ. ಅಷ್ಟೇ ಚಂದದ ನೊರೆ. ಎರಡು ಜಗ್ಗನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದ್ಳಂತ" ಎಂದು ಕಾಕುವಿನ ಬಾಯಿಂದ ಮೆಲ್ಲಗೆ ಜಾರಿತು. ಅಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕಾಕಾ ತಲೆ ಎತ್ತಿದರು. "ಮತ್ತ ನಾ? ನಾಲ್ಕ ವಾರ ಕೂತು ಆ ನೆಲಾ ಸಮಾ ಮಾಡಿದ್ನಲ್ಲೇ!"

ಅಂದ ಮೇಲೆ ನಗತೊಡಗಿದರು. ಆ ತೆಳ್ಳಗಿನ ಮೈಯಲ್ಲಿ ಅಷ್ಟು ದೊಡ್ಡ ನಗು ಇತ್ತೆಂದು ಮಗನಿಗೂ ಗೊತ್ತಿರಲಿಲ್ಲವಂತೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಲಿನ ಜಗ್ಗು ನೋಡಿ, ಮತ್ತೆ ನಕ್ಕರು. ನಕ್ಕು ಸುಸ್ತಾಗಿ, ಹಳೇ ತುದಿ ಬಿಚ್ಚಿ ತಮ್ಮದನ್ನೇ ಮತ್ತೆ ಕೂರಿಸಿದರು. "ಇದು ಇರಲಿ. ಬೇಕಿರಲಿಲ್ಲಂದ್ರೂ ಚಂದ ಅದ." ನನ್ನ ಕಡೆ ತಿರುಗಿ, ಅಷ್ಟು ದಿನ ಹಚ್ಚುತ್ತಿದ್ದ ರೀ ಬಿಟ್ಟು, "ನಿಮ್ಮ ಅಪ್ಪಾಗ ಫೋನ್ ಹಚ್ಚು" ಎಂದರು.

ನನ್ನ ಗಡಿಬಿಡಿಗೆ ಫೋನು ಎರಡು ಸಲ ಬೇರೆ ಯಾರಿಗೋ ಹೋಯಿತು. ಮೂರನೆಯ ಸಲ ಅಪ್ಪ ಎತ್ತಿದರು. ಕಾಕಾ ಸ್ಪೀಕರ್ ಹಾಕಿಸಿ, ಫೋನಿನ ಎದುರು ನೆಟ್ಟಗೆ ಕೂತು ಹೇಳಿದರು: "ನಮಸ್ಕಾರ್ರಿ. ನಾ ದೇಹೂ ರೋಡಿಂದ, ಹುಡುಗನ ತಂದಿ. ನಿಮ್ಮ ಮಗಳು ಭಾಳ ಹುಚ್ಚಿ ಅದಾಳ್ರಿ. ನಾ ಹೂಂ ಅನ್ನೂದ್ರಾಗ ನನ್ನ ಬಾಯಿ ಮುಚ್ಚಿಸಿ ತನ್ನ ತಪ್ಪು ಹೇಳಕೊಂಡ್ಳು. ಇಂಥಾಕಿ ನಮ್ಮ ಮನಿಗೆ ಬೇಕ್ರಿ. ನಮಗ ಒಪ್ಪಿಗಿ ಅದ. ನಿಮಗ?"

ಅಪ್ಪ ಹೂಂ ಅನ್ನುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ: "ತಪ್ಪಾ? ಏನು ತಪ್ಪು ಮಾಡಿದ್ಲು?"

"ಹಾಲು ಕಾಸ್ತಿದ್ಳ್ರೀ ಅಕ್ಕಾರ."

"ಕಾಯಿಸದೆ ಮತ್ತೇನು ಮಾಡ್ತಾರೆ? ನಿಮ್ಮಲ್ಲೇನು ಹಸಿ ಹಾಲು ಕುಡೀತಾರಾ?"

ಕಾಕಾ ಎರಡು ಜಗ್ಗುಗಳ ಕಡೆ ನೋಡಿದರು. "ಅದೊಂದು ಬಿಟ್ಟು ಉಳಿದದ್ದೆಲ್ಲಾ ನೀವು ಹೇಳಿದಂಗ ಮಾಡ್ತೀವ್ರಿ."

ನಾನು ಅಷ್ಟು ಹೊತ್ತಿಗೆ ಯಂತ್ರದ ಮುಂದೆ ಓಡಿ, ನಾಲ್ಕು ಕಪ್ ಕಾಫಿ ಮಾಡಿ, ತಟ್ಟೆಯಲ್ಲಿ ಜೋಡಿಸಿ ತಂದು ಅವರ ಮುಂದೆ ಬಗ್ಗಿದ್ದೆ. ಬಗ್ಗಿದ ಮೇಲೆಯೇ ನನ್ನ ಆಣೆ ನೆನಪಾದದ್ದು. ಕಾಕಾ ಕಪ್ ಎತ್ತಿಕೊಂಡು ಒಂದು ಗುಟುಕು ಕುಡಿದರು. ಬಾಯಿ ಚಪ್ಪರಿಸಿದರು. ಹುಬ್ಬು ಗಂಟು ಹಾಕಿದರು.

"ಸಕ್ಕರಿ ಕಡಿಮಿ ಆಗೇದ, ತಂಗಿ."

ಅವರ ಕೈಯಿಂದ ಕಪ್ ಕಿತ್ತುಕೊಳ್ಳಲಿಲ್ಲ ನಾನು. ಸಕ್ಕರೆ ಡಬ್ಬಿ ತರುತ್ತೇನೆಂದು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಡಬ್ಬಿ ತಬ್ಬಿಕೊಂಡು ಕುಣಿದೆ. ನೆಲ ಎಲ್ಲೂ ಡೊಂಕಿರಲಿಲ್ಲ.